ಸೂಪರ್ರೂ ಅವನೇ, ಜೂನಿಯರ್ರೂ ಅವನೇ

54.8 ಕೆಜಿ. ಜಪಾನಿನ ಚಾಂಪಿಯನ್ ನವೊಯ ಇನೌಯೆ ಎದುರಿನ ಪಂದ್ಯಕ್ಕೆ ಮೆಕ್ಸಿಕೋದ ಬಾಕ್ಸರ್ ಲೂಯಿಸ್ ನೆರಿ ತಕ್ಕಡಿ ಹತ್ತಿದಾಗ ಬಂದ ಲೆಕ್ಕ ಅದು. ಮಿತಿ 55.3. ಅರ್ಧ ಕೆಜಿ ಕಮ್ಮಿಯೇ ಇದ್ದ. 2024ರ ಮೇ ತಿಂಗಳಲ್ಲಿ ಟೋಕಿಯೋದಿಂದ ಬಂದ ದೊಡ್ಡ ಸುದ್ದಿ ಇದೇ ನೋಡಿ. ಒಬ್ಬ ವೃತ್ತಿಪರ ಬಾಕ್ಸರ್ ತಾನೇ ಸಹಿ ಹಾಕಿದ ತೂಕಕ್ಕೆ ಬಂದಿದ್ದಾನೆ! ಆರತಿ ಎತ್ತಬೇಕಿತ್ತು.

ಅವನು ಬರುತ್ತಾನೆ ಅಂತ ಸಂಘಟಕರಿಗೂ ನಂಬಿಕೆ ಇರಲಿಲ್ಲ. ಅದಕ್ಕೇ ಐರ್ಲೆಂಡಿನ ಟಿ.ಜೆ. ಡೊಹೆನಿಯನ್ನು ಅದೇ ದಿನದ ಬೇರೊಂದು ಪಂದ್ಯಕ್ಕೆ ಹಾಕಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದರು. ಗಂಡು ಕೈಕೊಟ್ಟರೆ ಇರಲಿ ಅಂತ ಇನ್ನೊಬ್ಬನಿಗೂ ಪಂಚೆ ಉಡಿಸಿ ಮಂಟಪದ ಎರಡನೇ ಸಾಲಿನಲ್ಲಿ ಕೂರಿಸಿದ ಹಾಗೆ.

ಪಂದ್ಯ ಮಾತ್ರ ಚರಿತ್ರೆಯೇ. ಅದರಲ್ಲಿ ನನ್ನ ತಕರಾರಿಲ್ಲ. 1990ರಲ್ಲಿ ಮೈಕ್ ಟೈಸನ್ ಮಕಾಡೆ ಬಿದ್ದ ಮೇಲೆ ಟೋಕಿಯೋ ಡೋಮ್‌ನಲ್ಲಿ ಬಾಕ್ಸಿಂಗೇ ನಡೆದಿರಲಿಲ್ಲ. 34 ವರ್ಷ ಆದ ಮೇಲೆ ಮತ್ತೆ ನಲವತ್ತು ಸಾವಿರ ಚಿಲ್ಲರೆ ಜನ ಸೇರಿದರು. ಯಾರಿಗಾಗಿ? ಐವತ್ತೈದು ಕೆಜಿಯ ಇಬ್ಬರು ಸಣಕಲರಿಗಾಗಿ. ಮೊದಲ ಸುತ್ತಿನಲ್ಲೇ ನೆರಿಯ ಎಡಗೈ ಏಟಿಗೆ ನವೊಯ ಇನೌಯೆ ನೆಲ ಕಂಡ. ವೃತ್ತಿಯಲ್ಲಿ ಅದೇ ಮೊದಲ ಸಲ. ಎದ್ದ, ಲೆಕ್ಕ ಶುರು ಮಾಡಿದ. ಎರಡನೇ ಸುತ್ತಿನಲ್ಲಿ ಬಡ್ಡಿ, ಐದರಲ್ಲಿ ಚಕ್ರಬಡ್ಡಿ, ಆರರಲ್ಲಿ ಅಸಲು. ನೆರಿ ಹಗ್ಗಕ್ಕೆ ಒರಗಿ ಕುಸಿದ. ಮುಗೀತು.

ಗೆದ್ದ ಇನೌಯೆ ಏನು ಚಾಂಪಿಯನ್ ಅಂತ ಮಾತ್ರ ಕೇಳಬೇಡಿ. ಅವನ ಹತ್ತಿರ ಆಗ ನಾಲ್ಕು ಬೆಲ್ಟ್ ಇದ್ದವು, ವೃತ್ತಿಪರ ಬಾಕ್ಸಿಂಗ್ ನಡೆಸುವ ನಾಲ್ಕು ಸಂಸ್ಥೆಗಳಿಂದ (ಡಬ್ಲ್ಯೂಬಿಸಿ, ಡಬ್ಲ್ಯೂಬಿಎ, ಡಬ್ಲ್ಯೂಬಿಒ, ಐಬಿಎಫ್) ಒಂದೊಂದು. ಎರಡು ಸಂಸ್ಥೆಗಳ ಪ್ರಕಾರ ಅವನು ಸೂಪರ್ ಬ್ಯಾಂಟಮ್‌ವೇಟ್. ಇನ್ನೆರಡರ ಪ್ರಕಾರ ಜೂನಿಯರ್ ಫೆದರ್‌ವೇಟ್. ಮನುಷ್ಯ ಒಬ್ಬನೇ, ತೂಕ ಒಂದೇ, ಬಿದ್ದವನ ದವಡೆಯೂ ಒಂದೇ. ಬ್ಯಾಂಟಮ್ ಅಂದರೆ ಜಾವಾ ದ್ವೀಪದ ಬಾಂಟೆನ್ ಊರಿನ ಹೆಸರು ಹೊತ್ತ ಗಿಡ್ಡ ಕೋಳಿ. ಫೆದರ್ ಅಂದರೆ ಗರಿ. ಅಂದರೆ ಅವನು ಇತ್ತ ನೋಡಿದರೆ ಸೂಪರ್ ಕೋಳಿ, ಅತ್ತ ನೋಡಿದರೆ ಮರಿ ಗರಿ. ಇನ್ನೂ ಕೆಳಗೆ ಹೋದರೆ ಫ್ಲೈವೇಟ್, ಅಂದರೆ ನೊಣ. ಅದಕ್ಕೂ ಕೆಳಗೆ ಸ್ಟ್ರಾವೇಟ್, ಹುಲ್ಲುಕಡ್ಡಿ! ಜೀವ ಪಣಕ್ಕಿಟ್ಟು ಹೊಡೆದಾಡುವವನನ್ನು ಲೋಕ ಕರೆಯುವುದು ಹುಲ್ಲುಕಡ್ಡಿ ಅಂತ. ನಮ್ಮ ಕರಾವಳಿಯ ಕೋಳಿ ಅಂಕದಲ್ಲಿ ಹುಂಜಗಳಿಗೂ ಇದಕ್ಕಿಂತ ಜಾಸ್ತಿ ಮರ್ಯಾದೆ ಇದೆ. ಬಣ್ಣ ನೋಡಿ, ಗಳಿಗೆ ನೋಡಿ ಕಣಕ್ಕೆ ಬಿಡುತ್ತಾರೆ.

ಒಂದು ಕಾಲಕ್ಕೆ ಬಾಕ್ಸಿಂಗಿನಲ್ಲಿ 8 ತೂಕದ ವರ್ಗಗಳಿದ್ದವು. ಈಗ 17, ಡಬ್ಲ್ಯೂಬಿಸಿ, ಡಬ್ಲ್ಯೂಬಿಎ ಲೆಕ್ಕದಲ್ಲಿ 18. ಹುಲ್ಲುಕಡ್ಡಿಯಿಂದ ಕೋಳಿಯ ತನಕ, ಅಂದರೆ 47.6ರಿಂದ 53.5 ಕೆಜಿಯ ಒಳಗೆ, ಐದು ವರ್ಗ. ಗಡದ್ದಾಗಿ ಒಂದು ಮದುವೆ ಊಟ ಮಾಡಿದರೆ ನೀವು ಮುಂದಿನ ವರ್ಗಕ್ಕೆ ಬಡ್ತಿ. ಪ್ರತಿ ವರ್ಗಕ್ಕೂ ನಾಲ್ಕು ಸಂಸ್ಥೆ, ನಾಲ್ಕು ಬೆಲ್ಟ್. ಚಾಂಪಿಯನ್ನಿಗೆ ಕಾಲು ಉಳುಕಿದರೆ ಮಧ್ಯಂತರ ಚಾಂಪಿಯನ್. ಡಬ್ಲ್ಯೂಬಿಎಯಲ್ಲಂತೂ ಸೂಪರ್ ಚಾಂಪಿಯನ್ ಬೇರೆ, ರೆಗ್ಯುಲರ್ ಚಾಂಪಿಯನ್ ಬೇರೆ, ಹೋಟೆಲ್ ಕಾಫಿ ಥರ.

ಇಷ್ಟೆಲ್ಲ ಯಾಕೆ? ಪ್ರತಿ ಪ್ರಶಸ್ತಿ ಪಂದ್ಯಕ್ಕೂ ಬಾಕ್ಸರ್ ತನ್ನ ಸಂಭಾವನೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರರಷ್ಟನ್ನು ಸಂಸ್ಥೆಗೆ ಕಾಣಿಕೆ ಹಾಕಬೇಕು. ಬೆಲ್ಟ್ ಜಾಸ್ತಿಯಾದಷ್ಟೂ ಹುಂಡಿ ಜಾಸ್ತಿ. ದೇವರು ಒಬ್ಬನೇ ಅಂದುಬಿಟ್ಟರೆ ಅರ್ಚಕರು ಹೊಟ್ಟೆಗೆ ಏನು ಮಾಡಬೇಕು?

ರ‍್ಯಾಂಕಿಂಗ್ ವಿಷಯ ಬಂದರೆ ಡಬ್ಲ್ಯೂಬಿಒಗೆ ನನ್ನ ನಮಸ್ಕಾರ. ಡ್ಯಾರಿನ್ ಮಾರಿಸ್ ಎಂಬ ಬಾಕ್ಸರ್ 2000ದ ಅಕ್ಟೋಬರ್‌ನಲ್ಲಿ ತೀರಿಕೊಂಡ. ತೀರಿಕೊಂಡ ಮೇಲೂ ಅವರ ಪಟ್ಟಿಯಲ್ಲಿ ಮೇಲೇರಿದ. ಅದೂ ಎರಡು ಸಲ. ಸ್ವರ್ಗದಲ್ಲಿ ಚೆನ್ನಾಗಿ ಪ್ರಾಕ್ಟೀಸ್ ಮಾಡಿರಬೇಕು.

ಇನೌಯೆ ಇದನ್ನೆಲ್ಲ ಒಮ್ಮೆ ಗುಡಿಸಿ ಒಂದೆಡೆ ಹಾಕಿದ್ದ. 2022ರ ಡಿಸೆಂಬರ್‌ನಲ್ಲಿ ಪಾಲ್ ಬಟ್ಲರನ್ನು ಸೋಲಿಸಿ ಬ್ಯಾಂಟಮ್‌ವೇಟಿನ ನಾಲ್ಕೂ ಬೆಲ್ಟ್ ಕಟ್ಟಿಕೊಂಡ. 1972ರ ಎನ್ರಿಕೆ ಪಿಂಡರ್ ನಂತರ ಆ ತೂಕಕ್ಕೆ ಒಬ್ಬನೇ ಯಜಮಾನ ಸಿಕ್ಕಿದ್ದು ಆಗಲೇ. ಒಂದು ತಿಂಗಳು ಇತ್ತು ಆ ಏಕೀಕರಣ. ಅವನು ಮೇಲಿನ ತೂಕಕ್ಕೆ ಹೋದ, ಬೆಲ್ಟ್‌ಗಳು ಅಣ್ಣತಮ್ಮಂದಿರ ಪಾಲಿನ ಹಾಗೆ ನಾಲ್ಕು ಮನೆ ಸೇರಿದವು. ಒಂದು ನಿಜಕ್ಕೂ ತಮ್ಮನಿಗೇ ಹೋಯಿತು, ಟಕುಮ ಇನೌಯೆಗೆ. ಇದು ಜೋಕ್ ಅಲ್ಲ.

ಸರಿ, ನೆರಿಗೆ ಬರೋಣ. 2017ರಲ್ಲಿ ಅವನು ಕ್ಯೋಟೋಗೆ ಹೋಗಿ ಡಬ್ಲ್ಯೂಬಿಸಿಯ ಬ್ಯಾಂಟಮ್‌ವೇಟ್ ಚಾಂಪಿಯನ್ ಶಿನ್ಸುಕೆ ಯಮನಾಕನನ್ನು ಸೋಲಿಸಿದ. ಯಮನಾಕ ಹನ್ನೆರಡು ಸಲ ಪ್ರಶಸ್ತಿ ಉಳಿಸಿಕೊಂಡಿದ್ದ. ಇನ್ನೊಂದು ಗೆದ್ದಿದ್ದರೆ ಯೊಕೊ ಗುಶಿಕೆನ್ ಬರೆದ ಜಪಾನಿನ ದಾಖಲೆಗೆ ಸಮ. ಅಷ್ಟರಲ್ಲಿ ನೆರಿಯ ಮೂತ್ರದಲ್ಲಿ ಜಿಲ್ಪಟೆರಾಲ್ ಸಿಕ್ಕಿತು. ದನಗಳು ಮೈ ತುಂಬಿಕೊಳ್ಳಲಿ ಅಂತ ಹಾಕುವ ಮದ್ದು ಅದು. ತಿಂದ ಮಾಂಸದಲ್ಲಿತ್ತು ಅಂದರು. ಡಬ್ಲ್ಯೂಬಿಸಿ ತಲೆಯಾಡಿಸಿತು. ಬೆಲ್ಟ್ ನಿನಗೇ ಇರಲಿ, ಇನ್ನೊಮ್ಮೆ ಆಡು ಅಂದಿತು.

2018ರ ಮಾರ್ಚ್ 1ಕ್ಕೆ ಆ ಇನ್ನೊಮ್ಮೆ. ಸ್ಥಳ ಟೋಕಿಯೋದ ರ‍್ಯೋಗೊಕು ಕೊಕುಗಿಕಾನ್, ಸುಮೋ ಕುಸ್ತಿಯ ಮನೆ. ನೆರಿ ಅದನ್ನೇ ಅಪಾರ್ಥ ಮಾಡಿಕೊಂಡನೋ ಏನೋ. 53.5 ಕೆಜಿ ಇರಬೇಕಾದ ಜಾಗದಲ್ಲಿ 55.8 ಬಂದ. ಎರಡು ಕೆಜಿ ಮುನ್ನೂರು ಗ್ರಾಂ ಜಾಸ್ತಿ. ನಮ್ಮ ವಿನೇಶ್ ಫೋಗಟ್ ಪ್ಯಾರಿಸ್‌ನಲ್ಲಿ ಕೂದಲು ಕತ್ತರಿಸಿಕೊಂಡರೂ 100 ಗ್ರಾಂ ಜಾಸ್ತಿ ಅಂತ ಫೈನಲ್‌ನಿಂದ ಹೊರಗೆ ಹಾಕಿದರಲ್ಲ, ಅದರ ಇಪ್ಪತ್ಮೂರು ಪಟ್ಟು. ಗೊತ್ತು, ಬೇರೆ ಆಟ, ಬೇರೆ ನಿಯಮ. ಆದರೂ ಹೊಟ್ಟೆ ಉರಿಯುತ್ತೆ ಅಲ್ವಾ?

ನೆರಿಯ ಬೆಲ್ಟ್ ಕಿತ್ತುಕೊಂಡರು. ಪಂದ್ಯ ನಿಲ್ಲಿಸಲಿಲ್ಲ. ಟಿಕೆಟ್ ಮಾರಿ ಆಗಿತ್ತು. ಹೊಟ್ಟೆ ಕಟ್ಟಿ, ನೀರು ಬಿಟ್ಟು, ಮೈ ಹಿಂಡಿ ತೂಕಕ್ಕೆ ಬಂದಿದ್ದ 35 ವರ್ಷದ ಯಮನಾಕನನ್ನು ಅವನ ಎದುರು ನಿಲ್ಲಿಸಿದರು. ಎರಡನೇ ಸುತ್ತಿಗೆ ಯಮನಾಕ ಮುಗಿದ. ಮತ್ತೆ ರಿಂಗಿಗೆ ಬರಲೇ ಇಲ್ಲ. ಇದರಲ್ಲಿ ನಗುವಂಥದ್ದು ನನಗೆ ಏನೂ ಸಿಗಲಿಲ್ಲ. ನಿಯಮ ಪಾಲಿಸಿದವನ ತಲೆಗೆ ನಿಯಮ ಮುರಿದವನಿಂದ ಹೊಡೆಸಿದರು, ಅಷ್ಟೇ. ಅಧಿಕಾರಿಗಳು ಪಕ್ಕದಲ್ಲಿ ಕೂತು ನೋಡಿದರು.

ಜಪಾನ್ ನೆರಿಯನ್ನು ಬಹಿಷ್ಕರಿಸಿತು. 2019ರಲ್ಲಿ ಲಾಸ್ ವೇಗಸ್‌ನಲ್ಲಿ ಅವನು ಮತ್ತೆ ಹತ್ತಿರ ಹತ್ತಿರ ಅರ್ಧ ಕೆಜಿ ಜಾಸ್ತಿ ಬಂದ. ಎದುರಾಳಿ ಎಮಾನ್ಯುಯೆಲ್ ರಾಡ್ರಿಗೆಸ್ ನಾನು ಆಡಲ್ಲ ಅಂತ ಎದ್ದು ಹೋದ. ಈ ಇಡೀ ಕತೆಯಲ್ಲಿ ತಲೆ ನೆಟ್ಟಗಿದ್ದವನು ಅವನೊಬ್ಬನೇ. ಮರುವರ್ಷ ಅದೇ ಡಬ್ಲ್ಯೂಬಿಸಿ ಮೇಲಿನ ತೂಕದ ಬೆಲ್ಟನ್ನು ನೆರಿಯ ಸೊಂಟಕ್ಕೆ ಕಟ್ಟಿತು. 2024ರಲ್ಲಿ ಜಪಾನಿಗೂ ಕೋಪ ಇಳಿಯಿತು. ಡೋಮ್ ತುಂಬಬೇಕಿತ್ತಲ್ಲ, ಖಳನಾಯಕ ಬೇಕೇ ಬೇಕು.

ಅಂದ ಹಾಗೆ, 2018ರಲ್ಲಿ ಎರಡು ಗಂಟೆ ಟೈಮ್ ಕೊಟ್ಟು ನೆರಿಯನ್ನು ಎರಡನೇ ಸಲ ತಕ್ಕಡಿ ಹತ್ತಿಸಿದ್ದರು. ಆಗಲೂ 1.3 ಕೆಜಿ ಜಾಸ್ತಿ. ಆ ಸಲ ತಕ್ಕಡಿ ತೋರಿಸಿದ್ದು 54.8.