ಬೋರ್ಡು ಕಂಡಲ್ಲಿ ಬ್ರೇಕು

ಹೋಳಿಗೆ ತಪ್ಪಿದ ಸಿಟ್ಟು ಇನ್ನೂ ಆರಿಲ್ಲ. ಆರುವ ಮೊದಲೇ ಬರೆದುಬಿಡ್ತೀನಿ.

ಕಳೆದ ಭಾನುವಾರ ಮೈಸೂರಲ್ಲಿ ನನ್ನ ಚಿಕ್ಕಮ್ಮನ ಮಗಳ ಗೃಹಪ್ರವೇಶ. ಪೂಜೆ ಬೆಳಗಿನ ಜಾವ, ಊಟಕ್ಕಾದರೂ ಹೋಗೋಣ ಅಂತ ಬೆಂಗಳೂರಿಂದ ಎಂಟಕ್ಕೆ ಹೊರಟೆವು. ಹೊಸ ಹೆದ್ದಾರಿಯಲ್ಲಿ ಹೋಗಿದ್ದರೆ ಮೊದಲ ಪಂಕ್ತಿಗೂ ಮುಂಚೆಯೇ ಇರುತ್ತಿದ್ದೆವು. ಆದರೆ ಸ್ಟಿಯರಿಂಗ್ ಹಿಡಿದವರು ನಮ್ಮನೆಯವರು. "ಅಲ್ಲೇನಿದೆ ಮಣ್ಣು, ಬರೀ ತಡೆಗೋಡೆ. ಹಳೇ ರಸ್ತೇಲಿ ಹೋಗೋಣ" ಅಂದರು. ನನಗೆ ಆಗಲೇ ಗೊತ್ತಾಯಿತು, ಇವತ್ತು ಹಸಿದುಕೊಂಡೇ ಸೇರುವುದು.

ಟೀ ಅಂಗಡಿ ಕಂಡರೆ ಕೆಲವರ ಕಾಲು ತಾನಾಗೇ ಬ್ರೇಕಿನ ಮೇಲೆ ಹೋಗುತ್ತದೆ. ಇವರಿಗೆ ಬೋರ್ಡು. ಕೋಟೆ, ಕಾಳಗ, ಶಾಸನ, ಸ್ಮಾರಕ, ಏನಾದರೂ ಒಂದು ಬರೆದಿರಬೇಕು. ನಿಲ್ಲಬೇಕು, ಓದಬೇಕು, ಅದೂ ಗಟ್ಟಿಯಾಗಿ. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು, ಬಾಳೆಕಂದು ಹೊತ್ತುಕೊಂಡು ಬೆವರುತ್ತಿದ್ದೆ. ಇವರು ನನ್ನನ್ನು ಪಕ್ಕದ ಕೋಟೆಗೆ ಎಳೆದುಕೊಂಡು ಹೋದರು. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ್ದು ಇಲ್ಲಿಂದಲೇ ಅಂತ ಅಲ್ಲೊಂದು ಕಲ್ಲಿನ ಫಲಕ. ಒಡೆದವರೇ ಒಡೆದ ಜಾಗಕ್ಕೆ ಬೋರ್ಡು ಹಾಕಿಕೊಂಡಿದ್ದಾರೆ! ನಮ್ಮನೆಯಲ್ಲಿ ಕಾಫಿ ಲೋಟ ಒಡೆದವರಿಗೆ ಅಷ್ಟು ಧೈರ್ಯ ಇಲ್ಲ.

ಮದ್ದೂರು ಬಂತು. ವಡೆ ಅಂದುಕೊಂಡೆ. "ಆತಕೂರು ಇದೇ ತಾಲೂಕು, ಗೊತ್ತಾ?" ಅಂದರು. ಗೊತ್ತು, ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರ ಅನ್ನುವವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಅದು ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗೊಂದು ಕಲ್ಲು ನಿಲ್ಲಿಸಿ ಶಾಸನ ಬರೆಸಿದರು, ಕ್ರಿ.ಶ. 949ರ ಸುಮಾರಿಗೆ. "ಆ ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಇಲ್ಲಿ ಹೋಗಿ ನೋಡೋದೇನು?" ಅಂದೆ. "ಅದು ಇದ್ದ ಜಾಗ" ಅಂದರು. ನಾನು ಅತ್ತ ತಿರುಗಲು ಬಿಡಲಿಲ್ಲ. ಈ ಜಗಳದಲ್ಲಿ ವಡೆ ಹಿಂದೆ ಉಳಿಯಿತು.

ಮಂಡ್ಯ ದಾಟಿದ ಮೇಲೆ ಹೊಲಗಳ ನಡುವೆ ಒಂದು ಪಾಳು ಗುಡಿ, ಅದರ ಮುಂದೆ ಆ ನೀಲಿ ಬೋರ್ಡು. ನೀವೂ ನೋಡಿರುತ್ತೀರಿ. ಗುಡಿ ಯಾರದು, ಯಾವಾಗಿನದು ಅಂತ ಬರೆದ ಮೇಲಿನ ಸಾಲುಗಳು ತುಕ್ಕು ತಿಂದು ಹೋಗಿವೆ. ಶಿಕ್ಷೆ ಮಾತ್ರ ಫಳಫಳ. ಇವರು ಎದೆ ಸೆಟೆಸಿ ನಿಂತು, 1958ರ ಕಾಯಿದೆಯಿಂದ ಹಿಡಿದು, ನಾಶಪಡಿಸಿದರೆ, ಕದಲಿಸಿದರೆ, ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಅನ್ನುವವರೆಗೆ ಓದಿದರು. ಎಲ್ಲ ನೀಲಿ ಬೋರ್ಡಿನಲ್ಲೂ ಇರುವುದು ಇದೇ. ಬಣ್ಣ ಎದ್ದುಹೋದ ಕಡೆ ಬಾಯಿಪಾಠದಿಂದ ತುಂಬಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಹೋಳಿಗೆ ಸಿಗುತ್ತಿತ್ತು. 100 ಮೀಟರ್ ನಿಷೇಧಿತ ಪ್ರದೇಶ, ಆಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ ಓದಿದವರೇ ತಿರುಗಿ ನಮ್ಮ ಕಾರು ನೋಡಿದರು. "ರೀ, ಅದು ಕಟ್ಟಡ ಕಟ್ಟೋದಕ್ಕೆ! ಕಾರು ನಿಲ್ಲಿಸೋದಕ್ಕಲ್ಲ!" ಅಂತ ಕೂಗಿದೆ. "ಇರಲಿ, ನಮ್ಮಿಂದ ಯಾಕೆ" ಅಂದರು. ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ, ಹೆಜ್ಜೆ ಎಣಿಸಿ ನೋಡಿ, ಸಾಲದು ಅಂತ ಮತ್ತೆ ಹತ್ತು ಹೆಜ್ಜೆ ಸರಿಸಿ ನಿಲ್ಲಿಸಿ ಬಂದರು. ಗುಡಿಗೆ ಬೀಗ. ಬೀಗದ ಫೋಟೋ ತೆಗೆದುಕೊಂಡರು. ಹನ್ನೊಂದೂವರೆಯ ಬಿಸಿಲಲ್ಲಿ ಮೈಸೂರು ಸಿಲ್ಕ್ ಎತ್ತಿ ಹಿಡಿದು, ಇಡೀ ಮುನ್ನೂರು ಮೀಟರ್ ಕಾಯಿದೆಯನ್ನು ಕಾಲಲ್ಲಿ ಅಳೆದೆ.

ಕಾರಿನ ಹತ್ತಿರ ಬಂದು ಚಪ್ಪಲಿಯೊಳಗಿನ ಕಲ್ಲು ಕೊಡವಲು ಒಂದು ಬಂಡೆಗೆ ಕೈ ಕೊಟ್ಟೆ. ಕೈಗೆ ಅರಿಶಿನ ಹತ್ತಿತು. ನೋಡಿದರೆ ವೀರಗಲ್ಲು. ಮೇಲೆ ಸೂರ್ಯ ಚಂದ್ರ, ಶಿವಲಿಂಗ. ಅದರ ಕೆಳಗೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ಇರಬೇಕು, ಅದು ಮಣ್ಣಿನೊಳಗೆ. ಯಾರ ಜೊತೆ ಕಾದಾಡಿದನೋ, ಊರಿನ ದನ ಬಿಡಿಸಲು ಹೋಗಿ ಸತ್ತನೋ, ಎಲ್ಲ ಹೂತುಹೋಗಿ ಸ್ವರ್ಗ ಮಾತ್ರ ಮೇಲುಳಿದಿತ್ತು. ಬೋರ್ಡಿಲ್ಲ. ಇವರು ಕಾರು ನಿಲ್ಲಿಸಿದ್ದು ಇದಕ್ಕೆ ಒರಗಿಕೊಂಡೇ, ಕಂಡಿರಲಿಲ್ಲ.

ಬದುವಿನ ಮೇಲಿದ್ದ ಅಜ್ಜಿಯನ್ನು "ಇದ್ಯಾರು ಅಜ್ಜಿ?" ಅಂತ ಕೇಳಿದೆ. "ನಮ್ಮೊಲದ ವೀರಪ್ಪ ಕಣವ್ವ. ವರ್ಸಕ್ಕೊಂದಪ ಎಡೆ ಮಡಗ್ತೀವಿ" ಅಂದಳು. ಕಾಳಿ ಅನ್ನುವ ನಾಯಿಯ ಹೆಸರು ಸಾವಿರ ವರ್ಷ ಉಳಿದಿದೆ, ಇವನದು ಅಜ್ಜಿಗೂ ಗೊತ್ತಿಲ್ಲ. ಓದಲು ಒಂದಕ್ಷರವೂ ಇಲ್ಲದ ಕಲ್ಲಿನ ಮುಂದೆ ಇವರು ಮೊದಲ ಸಲ ಬಾಯಿ ಮುಚ್ಚಿ ನಿಂತರು. ಆಮೇಲೆ ಹೋಗಿ ಕಾರನ್ನು ಎರಡಡಿ ಮುಂದಕ್ಕೆ ಸರಿಸಿದರು. ಆ ಸರಿಸುವಿಕೆಗೆ ನಾನೇನೂ ಅನ್ನಲಿಲ್ಲ.

ಆ ಮೌನ ಶ್ರೀರಂಗಪಟ್ಟಣದವರೆಗೆ ಬಾಳಿತು. ಟಿಪ್ಪುವಿನ ಶವ ಸಿಕ್ಕ ಜಾಗ, 1799ರ ಮೇ 4. ನಾನು ಅಲ್ಲಿ ನಿಂತಿದ್ದು ಇದು ಆರನೇ ಸಲ. ಒಮ್ಮೆ ನಮಗಾಗಿ ಓದಿದರು, ಇನ್ನೊಮ್ಮೆ ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಹುಡುಗರಿಗಾಗಿ.

ಮೈಸೂರು ಮುಟ್ಟಿದಾಗ ಕೊನೇ ಪಂಕ್ತಿ ಏಳುತ್ತಿತ್ತು. "ಅಯ್ಯೋ ಅಕ್ಕ, ಹೋಳಿಗೆ ಈಗಷ್ಟೇ ಖಾಲಿಯಾಯ್ತು. ಐದು ನಿಮಿಷ ಮೊದಲು ಬರಬಾರದಿತ್ತಾ?" ಅಂದ ಬಡಿಸುವ ಹುಡುಗ. ಐದು ನಿಮಿಷ! ಆ ಸೆಲ್ಫಿ ಹುಡುಗರು ಯಾರ ಮನೆಯವರೋ.

ಮೊಸರನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತಾ ಇವರೆಲ್ಲಿ ಅಂತ ನೋಡಿದೆ. ಗೇಟಿನ ಹತ್ತಿರ ಹೊಸ ಗ್ರಾನೈಟ್ ಫಲಕದಲ್ಲಿ ಮನೆಯ ಹೆಸರು, ಹಿರಿಯರ ಹೆಸರು, ತಾರೀಖು ಎಲ್ಲ ಕೆತ್ತಿಸಿದ್ದರು. ದನಿ ಒಳಗಿನವರೆಗೂ ಕೇಳಿಸುತ್ತಿತ್ತು.