ಸೇವೆ ಮಾಡಿಸಿಕೊಳ್ಳುವ ಊರಿನ ಪಾಡು

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಊರುಗಳಿಗೆ ಮೂರು ವಿಷಯ ಮೊದಲೇ ಗೊತ್ತಾಗುವುದಿಲ್ಲ. ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಕಬ್ಬಿನ ದುಡ್ಡು ಯಾವಾಗ ಬರುತ್ತದೆ, ಮೈಸೂರಿನ ಯಾವ ಕಾಲೇಜು ಯಾವ ಭಾನುವಾರ ಬಸ್ಸು ತುಂಬಿಕೊಂಡು ಬಂದು ಸೇವೆ ಮಾಡಿಬಿಡುತ್ತದೆ.

ಮೂರನೆಯದಕ್ಕೆ ಈಗ ಜೋರು ಕಾಲ. 2014ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನಕ್ಕೆ ಸೇರಿದ ಕಾಲೇಜು 5 ಹಳ್ಳಿಗಳನ್ನಾದರೂ ದತ್ತು ತೆಗೆದುಕೊಳ್ಳಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಯ ಲೆಕ್ಕದಲ್ಲಿ ಊರಿನ ಕೆಲಸಕ್ಕೂ ಅಂಕ ಉಂಟು. ಹಾಗಾಗಿ ಹೈವೇ ಪಕ್ಕದಲ್ಲಿರುವ, ಬಸ್ಸು ತಿರುಗಿಸಲು ಜಾಗ ಇರುವ, ಮಧ್ಯಾಹ್ನದ ಊಟಕ್ಕೆ ದೇವಸ್ಥಾನದ ಜಗುಲಿ ಇರುವ ಊರುಗಳಿಗೆ ಭಾರಿ ಬೇಡಿಕೆ. ನಿಜವಾಗಿ ಕಷ್ಟದಲ್ಲಿರುವ ಊರಿಗೆ ಬಸ್ಸು ಹೋಗಲ್ಲ, ನೆಟ್‌ವರ್ಕ್ ಸಿಗಲ್ಲ, ಫೋಟೊ ಮೇಲೆ ಮ್ಯಾಪು ಮೂಡಲ್ಲ. ಜಿಯೋಟ್ಯಾಗ್, ಅಂದರೆ ಫೋಟೊದಲ್ಲಿ ಜಾಗದ ಗುರುತು, ಇಲ್ಲದ ಸೇವೆಯನ್ನು ದೇವರು ಒಪ್ಪಿದರೂ ಸಮಿತಿ ಒಪ್ಪಲ್ಲ, ಅಲ್ವಾ?

ಕಾರ್ಯಕ್ರಮ ಹೀಗಿರುತ್ತದೆ. ಊರಿನ ಹೆಂಗಸರು ಬೆಳಗಿನ ಜಾವವೇ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟಿರುವ ಬೀದಿಯನ್ನು ಹತ್ತು ಗಂಟೆಗೆ ಬಂದ ಮಕ್ಕಳು ಮತ್ತೆ ಗುಡಿಸುತ್ತಾರೆ, ರಂಗೋಲಿ ಸಮೇತ. ಕಸ ಕಾಣದಿದ್ದರೆ ಫೋಟೊ ಸಪ್ಪೆಯಾಗುತ್ತದೆ ಅಂತ ತಿಪ್ಪೆಯಿಂದ ಒಂದು ಮಂಕರಿ ಕಸ ತರಿಸಿ ಹರಡುವುದೂ ಉಂಟು. ಆಮೇಲೆ ಗಿಡ ನೆಡುವುದು. ಗುಂಡಿ ತೋಡುವ ಕಷ್ಟ ಇಲ್ಲ, ಹೋದ ವರ್ಷದ್ದೇ ಇದೆ. ಆಮೇಲೆ ಸರ್ವೆ.

ಸರ್ವೆಯ ಕಥೆಯೇ ಬೇರೆ. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯಾ, ಗ್ಯಾಸ್ ಇದೆಯಾ, ಹಸು ಎಷ್ಟು. ಮೂರು ಕಾಲೇಜು ದತ್ತು ತೆಗೆದುಕೊಂಡ ಊರಾದರೆ ಇದೇ ಪ್ರಶ್ನೆಗೆ ವರ್ಷಕ್ಕೆ ಮೂರು ಸಲ ಉತ್ತರ ಕೊಡಬೇಕು. "ಏನವ್ವಾ, ಹೋದ್ಸಲ ಎಲ್ಲಾ ಬರ್ಕೊಂಡ್ ಹೋದ್ರಲ್ಲ, ಅದೇನಾಯ್ತು?" ಅಂತ ಅಜ್ಜಿ ಕೇಳಿದರೆ ಆ ಹುಡುಗಿ ಏನು ಹೇಳಬೇಕು ಪಾಪ. ಅದು ಬೈಂಡಾಗಿ ಬೀರುವಿನಲ್ಲಿದೆ ಅಜ್ಜಿ, ಸಮಿತಿಯವರು ಬೈಂಡಿನ ಬೆನ್ನು ಸವರಿ ನೋಡಿದರು, ಚೆನ್ನಾಗಿದೆ ಅಂದರು.

ಮಕ್ಕಳನ್ನು ಬೈಯಬೇಡಿ. ಎನ್‌ಎಸ್‌ಎಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದವರು ವರ್ಷಕ್ಕೆ 120 ಗಂಟೆ ಸೇವೆ ತುಂಬಿಸಬೇಕು, ಏಳು ದಿನದ ಶಿಬಿರ ಬೇರೆ. ಅವರು ಕಲಿಯುವುದಂತೂ ನಿಜ, ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಹೊತ್ತಲ್ಲಿ. ಭಾಷಣ ತಪ್ಪಿಸಿಕೊಂಡು ಆಲೆಮನೆಗೆ ಹೋಗಿ ಬಿಸಿ ಬೆಲ್ಲ ತಿನ್ನುತ್ತಾ ಕೂತಾಗ, ನಾಲೆಯ ಕೊನೆಯ ಜಮೀನಿಗೆ ನೀರು ಯಾಕೆ ಮುಟ್ಟಲ್ಲ, ರಾತ್ರಿ ಕರೆಂಟು ಬಂದರೆ ಪಂಪ್ ಹಾಕಲು ಯಾರು ಎದ್ದು ಹೋಗುತ್ತಾರೆ, ಇದನ್ನೆಲ್ಲ ರೈತ ಸುಮ್ನೆ ಮಾತಾಡ್ತಾ ಹೇಳಿಬಿಡುತ್ತಾನೆ. ಆ ಪಾಠಕ್ಕೆ ವರದಿಯಲ್ಲಿ ಕಾಲಂ ಇಲ್ಲ. ಅತ್ತ ಶಾಲೆಯ ಅಂಗಳದಲ್ಲಿ ಮೂರು ತಲೆಮಾರಿನಿಂದ ಕಬ್ಬು ಬೆಳೆದವರಿಗೆ ಕಬ್ಬಿನ ಬಗ್ಗೆ ಇಂಗ್ಲಿಷ್ ಪಿಪಿಟಿ ನಡೆಯುತ್ತಿರುತ್ತದೆ.

ಎನ್‌ಎಸ್‌ಎಸ್ ಶುರುವಾಗಿದ್ದು ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ, 1969ರಲ್ಲಿ. 'ನಾನಲ್ಲ, ನೀನು' ಅನ್ನುವುದು ಅದರ ಧ್ಯೇಯವಾಕ್ಯ. ಗ್ರೂಪ್ ಫೋಟೊ ನೋಡಿ: ಮುಂದಿನ ಸಾಲಿನ ಕುರ್ಚಿಯಲ್ಲೆಲ್ಲ 'ನಾನು'. 'ನೀನು' ಬ್ಯಾನರ್ ಹಿಂದೆ ಗಳ ಹಿಡಿದುಕೊಂಡು ನಿಂತಿರುತ್ತಾನೆ, ಕಾಲು ಮಾತ್ರ ಕಾಣುತ್ತದೆ.

ಇದೇ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಒಂದು ಕಾಲದಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಜನರಿಗೆ ತಿಳಿವಳಿಕೆ ಹಂಚುವ ಪ್ರಚಾರೋಪನ್ಯಾಸ ಮಾಡುತ್ತಿದ್ದರು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಬಸ್ಸು ಹೋದ ಮೇಲೂ ಏನೋ ಉಳಿಯುತ್ತಿತ್ತು. ಈಗ ಕ್ರೆಡಿಟ್ ಮಕ್ಕಳಿಗೆ, ಅಂಕ ಕಾಲೇಜಿಗೆ, ಊರಿಗೆ ಫ್ಲೆಕ್ಸ್ ಬ್ಯಾನರು. ಅದನ್ನು ಕೊಟ್ಟಿಗೆಗೆ ಹೊದಿಸಿದರೆ ಮಳೆ ನಿಲ್ಲುತ್ತದೆ. ಇಡೀ ಯೋಜನೆಯಲ್ಲಿ ಹಸುವಿಗೆ ಮುಟ್ಟಿದ ಸೌಲಭ್ಯ ಇದೊಂದೇ.

ಅಮೆರಿಕದಲ್ಲಿ ಸೇವೆ ಮಾಡುತ್ತಾ ಕಲಿಯುವ ಸರ್ವಿಸ್ ಲರ್ನಿಂಗ್‌ಗೆ ತತ್ವ ಹಾಕಿಕೊಟ್ಟವರಲ್ಲಿ ರಾಬರ್ಟ್ ಸಿಗ್ಮನ್ ಒಬ್ಬರು. ಸೇವೆ ಪಡೆಯುವವರ ಕೈಯಲ್ಲೇ ಅದರ ಹಿಡಿತ ಇರಬೇಕು ಅನ್ನುವುದು 1979ರಲ್ಲಿ ಅವರು ಹೇಳಿದ ಮೊದಲ ತತ್ವ. ನಮ್ಮಲ್ಲೂ ಊರಿನವರ ಕೈಗೆ ಕೊಡುತ್ತೇವೆ, ಪೆನ್ನು. ಇಂಗ್ಲಿಷಿನಲ್ಲಿರುವ ಒಡಂಬಡಿಕೆಗೆ ಸಹಿ ಹಾಕಿ ಪೆನ್ನು ವಾಪಸ್ ಕೊಡಬೇಕು.

ಇಂಥ ಒಂದು ಸಮಾರೋಪದಲ್ಲಿ ಪಂಚಾಯಿತಿ ಮೆಂಬರ್ ಎದ್ದು ನಿಂತರು ಅಂತ ಇಟ್ಟುಕೊಳ್ಳಿ. "ಸಾರ್, ನಿಮ್ ಕಾಲೇಜಲ್ಲಿ ಕೆಮಿಸ್ಟ್ರಿ ಲ್ಯಾಬ್ ಐತಂತಲ್ಲ. ನಮ್ಮೂರ ಬೋರ್‌ವೆಲ್ ನೀರು ಕುಡಿಯೋಕಾಯ್ತದಾ ಅಂತ ಒಂದ್ಸಲ ನೋಡ್ಕೊಡಿ."

"ಅದು ಈ ವರ್ಷದ ಆ್ಯಕ್ಷನ್ ಪ್ಲಾನ್‌ನಲ್ಲಿ ಬರಲ್ಲ ಮೆಂಬರ್ರೇ. ಮುಂದಿನ ವರ್ಷ ಶುದ್ಧ ನೀರಿನ ಜಾಗೃತಿ ಜಾಥಾ ಇಟ್ಟುಕೊಂಡಿದ್ದೀವಿ. ಊರಿನವರೆಲ್ಲ ತಪ್ಪದೆ ಬರಬೇಕು."

"ಬತ್ತೀವಿ ಸಾರ್. ಊಟ ಈ ಸಲಾನೂ ನಾವೇ ಹಾಕಿಸ್ಬೇಕಾ?"