ಬಂದೂಕಿಗೆ ಚಪ್ಪಾಳೆ, ಕಿವಿಗೆ ಏನೂ ಇಲ್ಲ

ವಾಸ್ಕೋ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಆ ಫಾರ್ವರ್ಡು ಮತ್ತೆ ಬಂದು ಬಿದ್ದಿದೆ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಕಲ್ಕತ್ತಾ ಲೈಟ್ ಹಾರ್ಸ್ ಅನ್ನುವ ಹವ್ಯಾಸಿ ಕುದುರೆ ಪಡೆಯ ನಡುವಯಸ್ಸಿನ ಕ್ಲಬ್ ದೊರೆಗಳು 1943ರ ಮಾರ್ಚ್ 9ರ ಬೆಳಗಿನ ಜಾವ ಗೋವಾದ ಮುರ್ಮಗೋವಾ ಬಂದರಿಗೆ ನುಗ್ಗಿದರಂತೆ, ಜರ್ಮನಿಯ ಎಹ್ರೆನ್‌ಫೆಲ್ಸ್ ಹಡಗು ಮುಳುಗಿತಂತೆ, ಅಲ್ಲಿಗೆ ಹಿಂದೂ ಮಹಾಸಾಗರದಲ್ಲಿ ಸಬ್‌ಮರೀನ್ ಕಾಟ ಮುಗಿಯಿತಂತೆ. ಕೆಳಗೆ ಸಾಲು ಸಾಲು ಕೈಮುಗಿತ.

ದಾಳಿ ನಡೆದದ್ದು ನಿಜವೇ. ನನಗೆ ರೇಗುವುದು ಬೇರೆಯದಕ್ಕೆ: ಗುಂಡು ಹಾರಿಸಿದವರಿಗೆ ಹಾರ, ಎಲ್ಲಿಗೆ ಹೊಡೆಯಬೇಕು ಅಂತ ಪತ್ತೆ ಮಾಡುವ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ.

ಬಂದರಲ್ಲಿದ್ದದ್ದು ಮೂರು ಜರ್ಮನ್ ಸರಕು ಹಡಗು, ಒಂದು ಇಟಾಲಿಯನ್. ಎಹ್ರೆನ್‌ಫೆಲ್ಸ್‌ನಲ್ಲಿ ಗುಪ್ತ ಟ್ರಾನ್ಸ್‌ಮಿಟರ್ ಇದೆ, ಬ್ರಿಟಿಷ್ ಕಡೆಯ ಹಡಗುಗಳ ಸುಳಿವು ಅದರಿಂದ ಜರ್ಮನ್ ಸಬ್‌ಮರೀನುಗಳಿಗೆ ಹೋಗುತ್ತಿದೆ ಅನ್ನುವುದು ಬ್ರಿಟಿಷರ ಗುಮಾನಿ. ಸರಿ, ಹುಡುಕುವುದು ಹೇಗೆ? ಎರಡು ಕಡೆ ಆಂಟೆನಾ ತಿರುಗಿಸಿ ದಿಕ್ಕು ಅಳೆಯಬೇಕು, ನಕ್ಷೆಯ ಮೇಲೆ ಗೆರೆ ಎಳೆಯಬೇಕು, ಗೆರೆ ಕೂಡಿದ ಜಾಗ ಗುರಿ. ಕೇಳಲು ಸುಲಭ. 500 ಕಿಲೋಮೀಟರ್ ದೂರದಿಂದ ಒಂದೇ ಒಂದು ಡಿಗ್ರಿ ತಪ್ಪಿದರೆ ಗುರಿ ಸುಮಾರು 9 ಕಿಲೋಮೀಟರ್ ಆಚೆ. ಎರಡೂ ಕೇಂದ್ರ ಕರಾವಳಿಗುಂಟವೇ ಇದ್ದರೆ ಇನ್ನೂ ಕಷ್ಟ: ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದು, ಕೂಡುವ ಜಾಗ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಒಂದು ಕೇಂದ್ರವಾದರೂ ಒಳನಾಡಲ್ಲಿ ಬೇಕು. ರಾತ್ರಿ ಹೊತ್ತು ಶಾರ್ಟ್‌ವೇವ್ ಆಕಾಶದ ಪದರಕ್ಕೆ ಬಡಿದು ವಾಪಸ್ ಬರುವಾಗ ದಿಕ್ಕೇ ಓಲಾಡುತ್ತದೆ. ಇಷ್ಟೆಲ್ಲ ಆದರೂ ಗೊತ್ತಾಗುವುದು ‘ಗೋವಾ ಕಡೆ’ ಅಂತ ಮಾತ್ರ. ನಾಲ್ಕು ಹಡಗಲ್ಲಿ ಯಾವುದು? ಅದಕ್ಕೆ ಬಂದರಲ್ಲೇ ಕಣ್ಣು ಬೇಕು.

‘ಸೈನ್ಯ ಬಿಟ್ಟು ಆ ಕುದುರೆ ಸವಾರರನ್ನೇ ಯಾಕೆ ಕಳಿಸಿದರು, ಧೈರ್ಯಕ್ಕೆ ತಾನೆ?’ ಅಂತ ಕೇಳುವವರಿದ್ದಾರೆ. ಧೈರ್ಯ ಇತ್ತು, ಒಪ್ಪಿದೆ. ಆದರೆ ಗೋವಾ ಆಗ ಪೋರ್ಚುಗಲ್ ಕೈಯಲ್ಲಿತ್ತು; ಪೋರ್ಚುಗಲ್ ಯುದ್ಧದಲ್ಲಿ ತಟಸ್ಥ, ಮೇಲಾಗಿ 1373ರಿಂದ ಇಂಗ್ಲೆಂಡಿನ ಮಿತ್ರ. ಸಮವಸ್ತ್ರದವನೊಬ್ಬ ಸಿಕ್ಕಿಬಿದ್ದರೂ ಲಂಡನ್ನಿಗೆ ತಲೆನೋವು. ಇವರು ಸಿಕ್ಕರೆ ‘ನಮ್ಮವರಲ್ಲ’ ಅಂದು ಕೈತೊಳೆದುಕೊಳ್ಳಬಹುದು. ಆರಿಸಿದ್ದು ಆ ಲೆಕ್ಕದಿಂದ. ಹಿಂದೆ ನಿಂತದ್ದು ಬ್ರಿಟಿಷರ ಗುಪ್ತ ಕಾರ್ಯಾಚರಣೆ ಸಂಸ್ಥೆ ಎಸ್‌ಓಇಯ ಇಂಡಿಯಾ ಮಿಷನ್, ದಾಳಿಯ ಮುಂದಾಳು ಲೂಯಿಸ್ ಪ್ಯೂ. (ಫಾರ್ವರ್ಡಲ್ಲಿ ‘ಫೋರ್ಸ್ 136’ ಅಂತಿದೆ. ಮಿಷನ್ನಿಗೆ ಆ ಹೆಸರು ಇಟ್ಟದ್ದೇ 1944ರಲ್ಲಿ ಮಾರಾಯ್ರೆ!)

ಇನ್ನು ‘ಸಬ್‌ಮರೀನ್ ಕಾಟ ಮುಗಿಯಿತು’. ಜರ್ಮನಿಯ ‘ಮಾನ್ಸೂನ್’ ಸಬ್‌ಮರೀನ್ ಗುಂಪು ಹಿಂದೂ ಮಹಾಸಾಗರಕ್ಕೆ ಬಂದದ್ದು ಅದೇ 1943ರಲ್ಲಿ, ಈ ದಾಳಿ ಆದ ಮೇಲೆ. 1944ರ ಫೆಬ್ರವರಿ 12ರಂದು ಮಾಲ್ಡೀವ್ಸ್ ಹತ್ತಿರ ಜಪಾನಿ ಸಬ್‌ಮರೀನ್ ‘ಖೆದಿವ್ ಇಸ್ಮಾಯಿಲ್’ ಹಡಗನ್ನು ಮುಳುಗಿಸಿದಾಗ ಸತ್ತವರು ಸುಮಾರು 1,300. ಇದಕ್ಕೆ ಕೈಮುಗಿತ ಇಲ್ಲ.

ಪತ್ತೇದಾರಿಕೆಯ ಲೆಕ್ಕಕ್ಕೆ ಮುರ್ಮಗೋವಾ ಅರ್ಧ ಗೆಲುವು. ಉದ್ದೇಶ ಇದ್ದದ್ದು ಎಹ್ರೆನ್‌ಫೆಲ್ಸನ್ನು ಹಿಡಿದು ಹೊರಗೆ ಎಳೆದೊಯ್ಯುವುದು. ಲಂಗರಿನ ಸರಪಳಿ ತುಂಡರಿಸಲು ಸ್ಫೋಟಕ ತಂದಿದ್ದರು. ಆದರೆ ಹಡಗಿನವರು ಇಂಥ ರಾತ್ರಿಗೇ ತಯಾರಾಗಿ ಕೂತಿದ್ದರು. ಬೆಂಕಿ ಹಚ್ಚಿದರು, ಕೆಳಗಿನ ಕವಾಟ ತೆರೆದರು. ಸಮುದ್ರದ ನೀರು ಒಳಗೆ ಬರಲು ಇರುವ ದಾರಿಯೇ ಅದು. ಒಮ್ಮೆ ಪೂರ್ತಿ ತೆರೆದು ಎಂಜಿನ್ ಕೋಣೆಗೆ ನೀರು ತುಂಬಿತೋ, ಕೆಳಗಿಳಿದು ಮುಚ್ಚುವುದು ಯಾರಿಂದಲೂ ಆಗದು. ಉಳಿದ ಮೂರು ಹಡಗನ್ನೂ ಅವರವರ ನಾವಿಕರೇ ಮುಳುಗಿಸಿದರು. ಎಳೆದುಕೊಂಡು ಹೋಗಿದ್ದರೆ ಸಂಕೇತ ಪುಸ್ತಕ, ಲಾಗ್ ಪುಸ್ತಕ ಇದ್ದಬದ್ದದ್ದೆಲ್ಲ ಕೈಗೆ ಬರುತ್ತಿತ್ತು. ಬೇಹಿನವರಿಗೆ ಬೇಕಿದ್ದದ್ದು ಅದು ಸ್ವಾಮಿ, ಪಟಾಕಿ ಅಲ್ಲ.